ಎಳೆಯಬೇಡಿ, ತಿರುಗಿಸಿ

ಪ್ರಶ್ನೆ: ಮನೆಯ ಕಂಪ್ಯೂಟರಿನ ಧೂಳು ತೆಗೆಯೋಣವೆಂದು ಪ್ರೊಸೆಸರ್ ಮೇಲಿನ ಹೀಟ್ ಸಿಂಕ್ ಬಿಚ್ಚಲು ಹೋದೆ. ನಾಲ್ಕೂ ಸ್ಕ್ರೂ ತೆಗೆದರೂ ಅದು ಅಲುಗಾಡಲಿಲ್ಲ. ಸ್ವಲ್ಪ ಜೋರಾಗಿ ಎತ್ತಿದಾಗ ಪ್ರೊಸೆಸರ್ ಕೂಡ ಅದಕ್ಕೆ ಅಂಟಿಕೊಂಡೇ ಮೇಲೆ ಬಂದುಬಿಟ್ಟಿತು. ಸಾಕೆಟ್‌ನ ಲಿವರ್ ಮಾತ್ರ ಹಾಕಿದ ಹಾಗೆಯೇ ಇದೆ. ನನ್ನದು ರೈಜನ್ 5 3600, ಹೀಟ್ ಸಿಂಕ್ ಅದರ ಜೊತೆಗೇ ಬಂದದ್ದು. ಪ್ರೊಸೆಸರ್ ಹಾಳಾಗಿರಬಹುದೇ? ಎರಡನ್ನೂ ಬೇರೆ ಮಾಡುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಸಮಾಧಾನದ ಮಾತು. ಹೀಗೆ ಕಿತ್ತುಬಂದ ಪ್ರೊಸೆಸರ್‌ಗಳಲ್ಲಿ ಬಹಳಷ್ಟು ಮತ್ತೆ ಸರಿಯಾಗಿಯೇ ಕೆಲಸ ಮಾಡುತ್ತವೆ. ನೆಟ್ಟಗೆ ಮೇಲಕ್ಕೆ ಬಂದಿದ್ದರೆ ಅದರ ಪಿನ್‌ಗಳು ಬಾಗಿರುವ ಸಂಭವ ಕಡಿಮೆ. ಈಗ ಅವಸರದಲ್ಲಿ ಬಿಡಿಸಲು ಹೋದರೆ ಮಾತ್ರ ಅಪಾಯ. ಹಾಗಾಗಿ ಅದು ಯಾಕೆ ಅಂಟಿಕೊಂಡಿತು ಎಂಬುದನ್ನು ಮೊದಲು ನೋಡೋಣ. ಕಾರಣ ತಿಳಿದರೆ ಕೈ ತಾನಾಗಿ ನಿಧಾನವಾಗುತ್ತದೆ.

ಪ್ರೊಸೆಸರ್ ಮತ್ತು ಹೀಟ್ ಸಿಂಕ್‌ನ ಲೋಹದ ಮೈ ನೋಡಲು ನುಣುಪಾಗಿದ್ದರೂ ಅವುಗಳ ನಡುವೆ ಸಣ್ಣ ಸಣ್ಣ ಸಂದುಗಳು ಉಳಿಯುತ್ತವೆ. ಅಲ್ಲಿ ಗಾಳಿ ಇದ್ದರೆ ಶಾಖ ದಾಟುವುದಿಲ್ಲ. ಅದಕ್ಕೇ ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ಸಾಮಾನ್ಯ ಪೇಸ್ಟ್ ಎಂದರೆ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್‌ನಂಥ ನುಣ್ಣನೆಯ ಪುಡಿ ಕಲಸಿದ್ದು. ಅದು ಅಂಟಲ್ಲ. ಆದರೆ ವರ್ಷಗಟ್ಟಲೆ ಬಿಸಿಯುಂಡು ಎಣ್ಣೆಯ ಅಂಶ ಕಡಿಮೆಯಾದಂತೆ ಗಟ್ಟಿಯಾಗುತ್ತದೆ, ತಣ್ಣಗಿರುವಾಗ ಇನ್ನಷ್ಟು ಬಿಗಿಯಾಗುತ್ತದೆ.

ಬಿಗಿತಕ್ಕೆ ಪೇಸ್ಟಿನ ಗುಣವೊಂದೇ ಕಾರಣವಲ್ಲ. ಎರಡು ಗಾಜಿನ ಹಲಗೆಗಳ ನಡುವೆ ನೀರಿದ್ದರೆ ಅವನ್ನು ಎಳೆದು ಬಿಡಿಸಲಾಗುವುದಿಲ್ಲ, ಪಕ್ಕಕ್ಕೆ ಜಾರಿಸಿದರೆ ಸಲೀಸಾಗಿ ಬೇರೆಯಾಗುತ್ತವೆ. ಇಲ್ಲಿ ನಡೆಯುವುದೂ ಅದೇ. ಮೇಲಕ್ಕೆ ಎಳೆದಾಗ ನಡುವಿನ ಸಂದು ಅಗಲವಾಗಬೇಕು, ಆ ಜಾಗ ತುಂಬಲು ಅಂಚಿನ ಪೇಸ್ಟ್ ಒಳಕ್ಕೆ ಹರಿಯಬೇಕು. ಮಂದವಾದ ಪೇಸ್ಟ್ ಅಷ್ಟು ಕಿರಿದಾದ ಸಂದಿಯಲ್ಲಿ ಬೇಗ ಹರಿಯಲಾರದು. ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಎರಡನ್ನೂ ಒತ್ತಿ ಹಿಡಿಯುತ್ತದೆ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟು. ನಿಮ್ಮ ಪ್ರೊಸೆಸರ್ 4 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ. ಮೇಲಿನ ಲೋಹದ ಮುಚ್ಚಳ ಅದಕ್ಕಿಂತ ತುಸು ಚಿಕ್ಕದಾದರೂ ಗಾಳಿಯೊಂದೇ ಹತ್ತು ಕಿಲೋಗೂ ಹೆಚ್ಚಿನ ಭಾರದಷ್ಟು ಬಲದಿಂದ ಹಿಡಿದಿಡಬಲ್ಲದು.

ಆಸ್ಟ್ರಿಯಾದ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ 1874ರಲ್ಲಿಯೇ ಈ ವಿದ್ಯಮಾನವನ್ನು ಲೆಕ್ಕಕ್ಕೆ ತಂದರು. ಅವರ ಸೂತ್ರದ ಪ್ರಕಾರ ಸಂದು ಅರ್ಧಕ್ಕಿಳಿದರೆ, ಅದೇ ವೇಗದಲ್ಲಿ ಎಳೆಯಲು ಎಂಟು ಪಟ್ಟು ಬಲ ಬೇಕು. ವೇಗ ಹೆಚ್ಚಿದಂತೆಲ್ಲ ಪ್ರತಿರೋಧವೂ ಹೆಚ್ಚುತ್ತದೆ. ಒಮ್ಮೆಗೇ ಜೋರಾಗಿ ಎಳೆಯುವುದು ಎಲ್ಲಕ್ಕಿಂತ ಕೆಟ್ಟ ವಿಧಾನ ಎನ್ನುವುದು ಇದಕ್ಕೇ.

ಲಿವರ್ ಹಾಕಿದ್ದರೂ ಯಾಕೆ ಹೊರಬಂತು? ನಿಮ್ಮದು ಎಎಂಡಿಯ ಎಎಂ4 ಸಾಕೆಟ್. ಅದರಲ್ಲಿ 1331 ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲಿರುತ್ತವೆ. ಲಿವರ್ ಆ ಪಿನ್‌ಗಳನ್ನು ಪಕ್ಕದಿಂದ ಒತ್ತಿ ಹಿಡಿಯುತ್ತದೆ, ಮೇಲಿನಿಂದ ತಡೆಯುವ ಪಟ್ಟಿ ಯಾವುದೂ ಇಲ್ಲ. ಇಂಟೆಲ್ ತನ್ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 2004ರಿಂದಲೇ ಪಿನ್‌ಗಳನ್ನು ಸಾಕೆಟ್‌ಗೆ ಸಾಗಿಸಿ, ಪ್ರೊಸೆಸರನ್ನು ಲೋಹದ ಚೌಕಟ್ಟಿನಿಂದ ಬಿಗಿಯುತ್ತಿದೆ. ಎಎಂಡಿ ಕೂಡ 2022ರ ಎಎಂ5ನಲ್ಲಿ ಅದೇ ದಾರಿಗೆ ಬಂತು. ಅಂಥವುಗಳಲ್ಲಿ ಪ್ರೊಸೆಸರ್ ಹೀಗೆ ಕಿತ್ತುಬರುವುದಿಲ್ಲ.

ಇನ್ನು ಬಿಡಿಸುವ ಕ್ರಮ. ಅಂಟಿಕೊಂಡ ಜೋಡಿಯನ್ನು ಹಾಗೆಯೇ ಸಾಕೆಟ್‌ಗೆ ಒತ್ತಿ ಕೂರಿಸಲು ಹೋಗಬೇಡಿ. ಪಿನ್‌ಗಳು ಕಣ್ಣಿಗೆ ಕಾಣುವುದಿಲ್ಲ, ಬಾಗುವುದು ಬಹುತೇಕ ಖಚಿತ. ಕೆಲಸಕ್ಕೆ ಮೊದಲು ಕಂಪ್ಯೂಟರಿನ ವೈರ್ ಕಿತ್ತಿಟ್ಟು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಇಳಿಯುತ್ತದೆ. ಆಮೇಲೆ ಹೀಟ್ ಸಿಂಕನ್ನು ಮಗುಚಿ, ಪಿನ್‌ಗಳು ಮೇಲ್ಮುಖವಾಗಿರುವಂತೆ ಮೇಜಿನ ಮೇಲಿಡಿ.

ಮೊದಲ ಉಪಾಯ ಶಾಖ. ಹೇರ್ ಡ್ರೈಯರ್‌ನಿಂದ ಹೀಟ್ ಸಿಂಕ್‌ನ ಲೋಹಕ್ಕೆ ಬದಿಯಿಂದ ಕೆಲವು ನಿಮಿಷ ಬಿಸಿಗಾಳಿ ಹಾಯಿಸಿ, ಫ್ಯಾನಿನ ಪ್ಲಾಸ್ಟಿಕ್‌ಗೆ ಬೇಡ. ಮುಟ್ಟಿದರೆ ಬಿಸಿ ತಾಗಬೇಕು, ಕೈ ಸುಡಬಾರದು. ಈ ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವಂಥದ್ದು, ಇಷ್ಟು ಬಿಸಿಯಿಂದ ಅದಕ್ಕೇನೂ ಆಗುವುದಿಲ್ಲ. ಈಗ ಪ್ರೊಸೆಸರ್‌ನ ಎದುರುಬದುರು ಅಂಚುಗಳನ್ನು ಬೆರಳಿನಿಂದ ಹಿಡಿದು, ಪಿನ್ ಮುಟ್ಟದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಒಂದಿಷ್ಟು ಅಲುಗಿತೆಂದರೆ ಕೆಲಸ ಮುಗಿದಂತೆ. ಹಾಗೇ ತಿರುಗಿಸುತ್ತ ಪಕ್ಕಕ್ಕೆ ಜಾರಿಸಿ.

ಬಗ್ಗದಿದ್ದರೆ ಹಲ್ಲಿನ ಸಂದು ಶುಚಿ ಮಾಡುವ ದಾರವನ್ನು ಲೋಹದ ಮುಚ್ಚಳ ಮತ್ತು ಹೀಟ್ ಸಿಂಕ್‌ನ ನಡುವೆ ತೂರಿಸಿ, ಗರಗಸ ಆಡಿಸಿದಂತೆ ಎಳೆದಾಡಿ. ಅದಕ್ಕೂ ಜಗ್ಗದಿದ್ದರೆ ಎಲ್ಲ ಪೂರ್ತಿ ತಣ್ಣಗಾದ ಮೇಲೆ ಅಂಚಿನ ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ತಿರುಗಿಸಿ. ಇದು ಬೇಗ ಬೆಂಕಿ ಹತ್ತುವ ದ್ರವ. ಹಾಕಿದ ಮೇಲೆ ಹೇರ್ ಡ್ರೈಯರ್ ಹತ್ತಿರ ತರಬೇಡಿ. ಚಾಕು, ಸ್ಕ್ರೂಡ್ರೈವರ್ ತೂರಿಸಿ ಮೀಟುವುದು, ಇಕ್ಕಳದಿಂದ ಎಳೆಯುವುದು ಬೇಡವೇ ಬೇಡ. ಫ್ರಿಜ್‌ನಲ್ಲಿಡಿ ಎಂದು ಕೆಲವರು ಹೇಳುವುದುಂಟು. ಎಪಾಕ್ಸಿಯಂಥ ನಿಜವಾದ ಅಂಟಿನಿಂದ ಕೂರಿಸಿದ ಹೀಟ್ ಸಿಂಕ್‌ಗೆ ಆ ಸಲಹೆ ಸರಿ, ಗಟ್ಟಿ ಅಂಟು ಚಳಿಗೆ ಪೆಡಸಾಗಿ ಬಿಡುತ್ತದೆ. ಪೇಸ್ಟ್ ಚಳಿಗೆ ಇನ್ನೂ ಬಿಗಿಯಾಗುತ್ತದೆ, ಜೊತೆಗೆ ತೇವವೂ ಕೂರುತ್ತದೆ.

ಬೇರೆಯಾದ ಮೇಲೆ ಬೆಳಕಿನಲ್ಲಿ ಪಿನ್‌ಗಳ ಸಾಲನ್ನು ನಾಲ್ಕೂ ಬದಿಯಿಂದ ಓರೆಯಾಗಿ ನೋಡಿ. ಬಾಗಿದ ಪಿನ್ ಸಾಲು ತಪ್ಪಿ ಕಾಣುತ್ತದೆ. ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಖಾಲಿ ತುದಿಯನ್ನು ಆ ಪಿನ್‌ಗೆ ತೊಡಿಸಿ ಹಗುರವಾಗಿ ನೆಟ್ಟಗೆ ಮಾಡಬಹುದು. ಹಲವು ಪಿನ್ ಬಾಗಿದ್ದರೆ ಅಥವಾ ಒಂದಾದರೂ ಮುರಿದಿದ್ದರೆ ಚಿಪ್ ಮಟ್ಟದ ರಿಪೇರಿ ಬಲ್ಲವರಿಗೆ ಕೊಡಿ.

ಹಳೆಯ ಪೇಸ್ಟನ್ನು ಅದೇ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿ. ಲಿವರ್ ಎತ್ತಿ, ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಇಡಿ. ಅದು ತನ್ನ ಭಾರಕ್ಕೇ ಕೂರಬೇಕು. ಒತ್ತಬೇಕೆನಿಸಿದರೆ ಏನೋ ತಪ್ಪಿದೆ ಎಂದರ್ಥ. ಲಿವರ್ ಹಾಕಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್ ಸಿಂಕ್‌ನ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಫ್ಯಾನಿನ ವೈರ್ ಸಿಕ್ಕಿಸಲು ಮರೆಯಬೇಡಿ. ಆನ್ ಮಾಡಿದೊಡನೆ ಬಯೋಸ್‌ನಲ್ಲಿ ತಾಪಮಾನ ನೋಡಿ. ಅದು ಏರುತ್ತಲೇ ಹೋದರೆ ಆಫ್ ಮಾಡಿ ಹೀಟ್ ಸಿಂಕ್ ಮತ್ತೆ ಕೂರಿಸಿ.

ಮುಂದಿನ ಸಲ ಬಿಚ್ಚುವ ಮೊದಲು ಕಂಪ್ಯೂಟರಿಗೆ ಹತ್ತು ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟು ಪ್ರೊಸೆಸರ್ ಬಿಸಿಯಾಗಲು ಬಿಡಿ. ಆಫ್ ಮಾಡಿ, ವೈರ್ ಕಿತ್ತು, ತಣಿಯುವ ಮೊದಲೇ ಸ್ಕ್ರೂ ಬಿಚ್ಚಿ. ಹೀಟ್ ಸಿಂಕನ್ನು ಎತ್ತದೆ ಎಡಕ್ಕೂ ಬಲಕ್ಕೂ ತುಸು ತುಸುವೇ ತಿರುಗಿಸಿ, ಪೇಸ್ಟ್ ಹಿಡಿತ ಬಿಟ್ಟದ್ದು ಕೈಗೆ ತಿಳಿದ ಮೇಲಷ್ಟೇ ಮೇಲೆತ್ತಿ. ಇಷ್ಟು ತಾಳ್ಮೆ ಇದ್ದರೆ ಪ್ರೊಸೆಸರ್ ಸಾಕೆಟ್‌ನಲ್ಲೇ ಉಳಿಯುತ್ತದೆ.