*ದಿನದ ಧಮ್ಮಚಿಂತನೆ: ಮಡುವಿಗೆ ಕೊಟ್ಟ ಅಭಯ*



ಬುದ್ಧ ಪೂರ್ಣಿಮೆಗೆ ಮಾರುಕಟ್ಟೆಯಿಂದ ಜೀವಂತ ಮೀನು ಕೊಂಡು ಹೊಳೆಗೆ ಬಿಡೋಣವೇ ಎಂದು ಬಳಗದ ಹಿರಿಯರೊಬ್ಬರು ಕೇಳಿದ್ದಾರೆ. ಅವರ ಕರುಣೆಗೆ ಶರಣು. ಆದರೂ ನನ್ನ ಉತ್ತರ: ಬೇಡ. ಹಾಗೆ ಸಿಗುವ ಮೀನು ಆಫ್ರಿಕನ್ ಕ್ಯಾಟ್‌ಫಿಶ್, ತಿಲಾಪಿಯದಂಥ ಹೊರನಾಡಿನದಾಗಿದ್ದರೆ, ಹೊಳೆಯ ಮೂಲ ಮೀನುಗಳ ಮರಿಗೂ ಮೇವಿಗೂ ಕುತ್ತು. ಒಂದು ಜೀವಕ್ಕೆ ಅಭಯ ಕೊಡಲು ಹೋಗಿ ನೂರು ಜೀವಕ್ಕೆ ಭಯ ಕೊಟ್ಟಂತಾಗುತ್ತದೆ.

ಹಾಗಾದರೆ *ಅಭಯದಾನ* ಎಂದರೇನು?

ಅಂಗುತ್ತರ ನಿಕಾಯದ ಅಭಿಸಂದ ಸುತ್ತದಲ್ಲಿ ಭಗವಾನರು ಪಂಚಶೀಲಗಳನ್ನು ಐದು ಮಹಾದಾನಗಳೆಂದು ಕರೆದಿದ್ದಾರೆ. ಕೊಲ್ಲುವುದನ್ನು ಬಿಟ್ಟವನು ಲೆಕ್ಕವಿಲ್ಲದಷ್ಟು ಜೀವಿಗಳಿಗೆ ಅಭಯ ಕೊಡುತ್ತಾನೆ, ಆ ಅಭಯದಲ್ಲಿ ತಾನೂ ಪಾಲು ಪಡೆಯುತ್ತಾನೆ ಎಂಬುದು ಅದರ ತಿರುಳು. ಗಮನಿಸಿ, ಇಲ್ಲಿ ಕೊಂಡು ಕೊಡುವುದೇನೂ ಇಲ್ಲ. ಕೈ ತಡೆದುಕೊಳ್ಳುವುದೇ ದಾನ.

ಥಾಯ್ಲೆಂಡಿನಲ್ಲಿ ಎಷ್ಟೋ ವಿಹಾರಗಳ ಮುಂದಿನ ನೀರಿನಲ್ಲಿ ಮೀನು ಹಿಡಿಯುವಂತಿಲ್ಲ. ಅದಕ್ಕೆ ಅವರು ‘ಖೇತ್ ಅಫೈ ತಾನ್’ ಎನ್ನುತ್ತಾರೆ. ನಮ್ಮ ‘ಅಭಯದಾನ ಕ್ಷೇತ್ರ’ ಎಂಬ ಮಾತೇ ಅದು.

ಅದೇ ದೇಶದ ಮೇ ಹಾಂಗ್ ಸಾನ್ ಪ್ರಾಂತದಲ್ಲಿ ನ್ಗಾವ್ ಎಂಬ ನದಿಯಿದೆ. ದಡದ ಕರೆನ್ ಹಳ್ಳಿಗಳಿಗೆ ಹೊಳೆಯ ಮೀನೇ ಆಹಾರ. 1990ರ ದಶಕದಿಂದ ಈಚೆಗೆ ಒಂದೊಂದೇ ಹಳ್ಳಿ ತನ್ನ ಹೊಳೆಯ ಒಂದು ತುಂಡನ್ನು ಮೀನುಗಳಿಗೇ ಬಿಟ್ಟುಕೊಟ್ಟಿತು. ಅಲ್ಲಿ ಬಲೆ, ಗಾಳ ಯಾವುದೂ ಇಲ್ಲ. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು ಇಂಥ 23 ತಾಣಗಳನ್ನು ಪಕ್ಕದ ನೀರಿನೊಂದಿಗೆ ಹೋಲಿಸಿತು. ತಾಣಗಳೊಳಗೆ ಮೀನಿನ ಜಾತಿಗಳು ಸರಾಸರಿ ಶೇ 27 ಹೆಚ್ಚು. ಮೀನುಗಳ ಸಾಂದ್ರತೆ ಎರಡು ಪಟ್ಟಿಗೂ ಮೀರಿತ್ತು, ಒಟ್ಟು ತೂಕ 20 ಪಟ್ಟಿಗೂ ಮಿಗಿಲು. ಹಿಡಿಯುವವರಿಲ್ಲದ ಕಡೆ ಮೀನು ದೊಡ್ಡದಾಗುವವರೆಗೆ ಬದುಕುತ್ತದೆ, ದೊಡ್ಡ ಮೀನು ಹೆಚ್ಚು ಮೊಟ್ಟೆ ಇಡುತ್ತದೆ.

“ಅವರು ಉಳಿದ ಕಡೆ ಮೀನು ಹಿಡಿಯುತ್ತಾರಲ್ಲ, ಇದು ಶೀಲ ಹೇಗಾದೀತು?” ಎನ್ನಬಹುದು. ಪೂರ್ಣ ಶೀಲವಲ್ಲ, ನಿಜ. ಆದರೆ ಕಣ್ಣೆದುರೇ ದಪ್ಪ ಮೀನು ಹೊರಳಾಡುವಾಗ, ಅದನ್ನೇ ತಿಂದು ಬದುಕುವ ಊರು ವರ್ಷಗಟ್ಟಲೆ ಕೈ ತಡೆದುಕೊಳ್ಳುವುದು ಸಣ್ಣ ಸಾಧನೆಯೇ? ಒಬ್ಬ ತಪ್ಪಿದರೆ ಎಲ್ಲರ ದಾನವೂ ಕೆಡುತ್ತದೆ. ಹೀಗಾಗಿ ಒಬ್ಬರನ್ನೊಬ್ಬರು ಕಾಯಲೇಬೇಕು. ಒಂಟಿಯಾಗಿ ಜಾರುವ ಶೀಲ ಸಂಘದಲ್ಲಿ ನಿಲ್ಲುತ್ತದೆ.

ನಮಗೂ ಇದು ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ. ಆ ಅಭಯ ಗುಡಿಯ ಮೆಟ್ಟಿಲ ಬಳಿಯೇ ಮುಗಿಯಬೇಕೇ?

*ಇಂದಿನ ಅಭ್ಯಾಸ:* ಮೈತ್ರಿ ಧ್ಯಾನದಲ್ಲಿ ನಿಮ್ಮೂರಿನ ಹೊಳೆಯನ್ನೋ ಕೆರೆಯನ್ನೋ ನೆನೆಯಿರಿ. ಅಲ್ಲಿನ ಜೀವಿಗಳಿಗಾಗಿ ನಾನು ಏನನ್ನು ಮಾಡದೆ ಇರಬಲ್ಲೆ ಎಂದು ಕೇಳಿಕೊಳ್ಳಿ. ಪೂರ್ಣಿಮೆಯಂದು ಮೀನಿನ ಬುಟ್ಟಿ ಬೇಡ. ದಡದಲ್ಲಿ ಸಿಕ್ಕ ಹರಿದ ಬಲೆ, ಪ್ಲಾಸ್ಟಿಕ್ ಹೆಕ್ಕೋಣ. ಒಂದು ಮಡುವನ್ನಾದರೂ ಬಿಟ್ಟುಕೊಡುವಿರಾ ಎಂದು ಊರಿನವರೊಡನೆ ಕೂತು ಮಾತಾಡೋಣ.

ನೀರಿನ ಜೀವಿಗಳೂ ನಿರ್ಭಯವಾಗಿರಲಿ.
ಸಾಧು, ಸಾಧು, ಸಾಧು 🪷