‘ಚೋಮನ ದುಡಿ’ಯನ್ನು ಓದುವ ಬಗೆ

ಕಾದಂಬರಿಯೊಂದನ್ನು ಪಾಠವಾಗಿ ಓದುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮ್ಮ ನೋಟುಪುಸ್ತಕವನ್ನು ಮೂರು ಪಾಲು ಮಾಡಿಕೊಳ್ಳುತ್ತಾರೆ. ಒಂದರಲ್ಲಿ ಕಠಿಣ ಶಬ್ದಗಳು, ಇನ್ನೊಂದರಲ್ಲಿ ಪಾತ್ರಗಳು, ಮತ್ತೊಂದರಲ್ಲಿ ಸಾಹಿತ್ಯದ ಸೊಗಸು. ಪರೀಕ್ಷೆಯ ಹಿಂದಿನ ರಾತ್ರಿ ಮೂರನ್ನೂ ಬಾಯಿಪಾಠ ಮಾಡಿದರೆ ಕೆಲಸ ತೀರಿತು. ನಾನೂ ಅನೇಕ ವರ್ಷ ಹೀಗೆಯೇ ಪಾಠ ಹೇಳಿದವನು; ಆದುದರಿಂದ ಈ ಪದ್ಧತಿಯನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಒಳ್ಳೆಯ ಕಾದಂಬರಿಯಲ್ಲಿ ಈ ಪಾಲುಗಳ ನಡುವೆ ಗೋಡೆಯಿರುವುದಿಲ್ಲವೆಂಬುದನ್ನು ನನಗೆ ತಿಳಿಸಿಕೊಟ್ಟುದು ಒಂದು ಚಿಕ್ಕ ಪುಸ್ತಕ. ಅದು ಶಿವರಾಮ ಕಾರಂತರ ‘ಚೋಮನ ದುಡಿ’.

ಈ ಕಾದಂಬರಿ ಪ್ರಕಟವಾದುದು 1933ರಲ್ಲಿ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರಿಗೆ ಆಗ ಮೂವತ್ತರ ಆಸುಪಾಸಿನ ಹರೆಯ. ಅವರ ಜಿಲ್ಲೆಯಾದ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಕಥೆ ಸರಳವಾದುದು. ಅಸ್ಪೃಶ್ಯನೆನಿಸಿದ ಕುಲದಲ್ಲಿ ಹುಟ್ಟಿದ ಚೋಮನಿಗೆ ಒಂದು ಜೊತೆ ಎತ್ತುಗಳಿವೆ. ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬ ಹಂಬಲವಿದೆ. ಭೂಮಿ ಮಾತ್ರ ಇಲ್ಲ. ಇದ್ದ ಮಕ್ಕಳೂ ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಸಂತೋಷವಾಗಲಿ ಸಂಕಟವಾಗಲಿ, ಅವನು ಕೈಗೆತ್ತಿಕೊಳ್ಳುವುದು ದುಡಿಯನ್ನು.

ದುಡಿಯೆಂದರೇನು? ಮರದ ಒಡಲಿನ ಎರಡು ಬದಿಗೂ ಚರ್ಮ ಬಿಗಿದ, ನಡು ಕಿರಿದಾದ ಪುಟ್ಟ ವಾದ್ಯ. ಕೊಡಗಿನವರೂ ತಮ್ಮ ಹಾಡುಗಳಿಗೆ ಇದನ್ನು ಬಳಸುತ್ತಾರೆ. ಬಯಲುಸೀಮೆಯ ನನ್ನ ವಿದ್ಯಾರ್ಥಿಗಳು ಅದನ್ನು ಕಂಡವರಲ್ಲ. ಒಮ್ಮೆ ಕಿರುಪರೀಕ್ಷೆಯಲ್ಲಿ ಶೀರ್ಷಿಕೆಯ ಅರ್ಥವನ್ನು ಬರೆಯಿರೆಂದಾಗ ಒಬ್ಬ ಹುಡುಗ ‘ಚೋಮನು ದುಡಿದದ್ದು’ ಎಂದು ಬರೆದಿದ್ದ. ಕೂಲಿಯವರ ಮನೆಯ ಹುಡುಗ. ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆ. ಆ ಸೊನ್ನೆ ಬಹಳ ದಿನ ನನ್ನನ್ನು ಬಾಧಿಸಿತು. ‘ದುಡಿ’ ನಾಮಪದವಾದರೆ ವಾದ್ಯ, ಧಾತುವಾದರೆ ಶ್ರಮಪಡು. ಒಂದೇ ರೂಪದಲ್ಲಿ ಎರಡು ಅರ್ಥ ಕುಳಿತಿರುವುದನ್ನು ನಾವು ಶ್ಲೇಷೆಯೆನ್ನುತ್ತೇವಲ್ಲವೆ? ಕತ್ತಲಾದ ಮೇಲೆ ಬಾರಿಸುವ ದುಡಿ, ಬೆಳಗಿನಿಂದ ಬೈಗಿನವರೆಗಿನ ದುಡಿತ, ಇವೆರಡೇ ಚೋಮನ ಆಸ್ತಿ. ಮೊದಲನೆಯದು ಅವನದೇ, ಎರಡನೆಯದರ ಫಲ ಪರರದು. ಕಾರಂತರು ಇದನ್ನು ಎಣಿಸಿಯೇ ಹೆಸರಿಟ್ಟರೋ ಇಲ್ಲವೋ, ಕನ್ನಡ ಭಾಷೆಯಂತೂ ಅದಕ್ಕೆ ಎಡೆಮಾಡಿಕೊಟ್ಟಿದೆ. ಹುಡುಗನು ಬರೆದುದು ಅರ್ಧ ಸರಿ. ನಾನು ಕೊಟ್ಟ ಅಂಕ ಪೂರ್ತಿ ತಪ್ಪು.

ಇನ್ನೊಂದು ಶಬ್ದ ‘ಗೇಣಿ’. ಒಡೆಯನ ಭೂಮಿಯನ್ನು ಸಾಗುವಳಿ ಮಾಡುವವನು ಅವನಿಗೆ ವರ್ಷಕ್ಕಿಷ್ಟೆಂದು ಅಳೆದುಕೊಡುವ ಧಾನ್ಯ ಅಥವಾ ಹಣವೇ ಗೇಣಿ. ಚೋಮನಾದರೋ ಗೇಣಿದಾರನೂ ಅಲ್ಲ. ತುಳುನಾಡಿನಲ್ಲಿ ‘ಮೂಲದಾಳು’ ಎಂಬ ಮಾತಿತ್ತು. ತಲೆತಲಾಂತರದಿಂದ ಒಂದು ಮನೆತನಕ್ಕೆ ಕಟ್ಟುಬಿದ್ದ ಆಳು ಎಂದು ಅದರ ಅರ್ಥ. ಚೋಮ ಸಂಕಪ್ಪಯ್ಯನವರ ಮನೆಯ ಅಂಥ ಆಳು. ಅವನ ಕೈ ನೇಗಿಲನ್ನು ಅರಿಯದ ಕೈಯಲ್ಲ. ಕೆಸರಿನಲ್ಲಿ ಬಾಳು ಸವೆಸಿದವನು. ಆದರೂ ‘ಬೇಸಾಯಗಾರ’ ಎಂಬ ಹೆಸರು ಅವನಿಗೆ ಸಲ್ಲದು. ಹೆಚ್ಚೇನು, ಅವನು ಕಾಣುವ ಕನಸು ಜಮೀನ್ದಾರನಾಗುವುದಲ್ಲ, ಕೇವಲ ಗೇಣಿಯ ಒಕ್ಕಲಾಗುವುದು! ನಿಘಂಟಿನಲ್ಲಿ ಈ ಎರಡು ಪದಗಳ ಅಂತರ ಒಂದೆರಡು ಸಾಲಿನದು. ಬದುಕಿನಲ್ಲಿ ಅದೆಷ್ಟು ದೊಡ್ಡದೆಂಬುದನ್ನು ಮುಂದಿನ ಚರಿತ್ರೆ ತೋರಿಸಿತು. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ತಾವು ಉಳುತ್ತಿದ್ದ ನೆಲದ ಹಕ್ಕನ್ನು ಕೇಳಿ ಪಡೆಯುವಂತಾಯಿತು. ಚೋಮನು ಅಂದು ಬದುಕಿದ್ದರೂ ಗೇಣಿದಾರನಲ್ಲದ ಅವನಿಗೆ ಆ ಹಕ್ಕು ದೊರೆಯುತ್ತಿರಲಿಲ್ಲ. ಜೀತಪದ್ಧತಿಯನ್ನು ರದ್ದುಮಾಡಿದ ಕಾಯಿದೆ ಬಂದುದು 1976ರಲ್ಲಿ.

ಹೆಸರುಗಳನ್ನೂ ಶಬ್ದಗಳೆಂದೇ ಭಾವಿಸಿ ಬಿಡಿಸಿ ನೋಡಬೇಕು. ತುಳುನಾಡಿನ ಬಡಜನರಲ್ಲಿ ಮಗು ಹುಟ್ಟಿದ ವಾರದ ಹೆಸರನ್ನೇ ಅದಕ್ಕಿಡುವ ರೂಢಿಯಿತ್ತು. ಆದಿತ್ಯವಾರದವನು ಐತ, ಮಂಗಳವಾರದವನು ಅಂಗಾರ, ಶುಕ್ರವಾರದವನು ತುಕ್ರ. ಹಾಗೆಯೇ ಸೋಮವಾರದವನು ಚೋಮ. ಅವನ ಹಿರಿಯ ಮಕ್ಕಳಾದ ಚನಿಯ, ಗುರುವ ಇಬ್ಬರೂ ಶನಿವಾರ, ಗುರುವಾರಗಳ ಮಕ್ಕಳು. ಕಾಲ, ನೀಲ ಎಂಬ ಕಿರಿಯರಿಗೆ ಬಣ್ಣದ ಹೆಸರು. ಈ ಗುಡಿಸಲಿನಲ್ಲಿ ಬೆಳಕಿನ ಹೆಸರು ಒಂದೇ, ಮಗಳು ಬೆಳ್ಳಿಯದು. ತಾಯಿಯಿಲ್ಲದ ಆ ಮನೆಯನ್ನು ನಡೆಸುವವಳೂ ಅವಳೇ.

ಪಾತ್ರಗಳ ವಿಷಯಕ್ಕೆ ಬಂದರೆ, ಒಳ್ಳೆಯವರು ಕೆಟ್ಟವರು ಎಂದು ಎರಡು ಸಾಲು ಮಾಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ. ಸಂಕಪ್ಪಯ್ಯನವರು ದುಷ್ಟರಲ್ಲ. ಚೋಮನ ಬೇಡಿಕೆಗೆ ಅವರ ಮನಸ್ಸು ಕೊಂಚ ಕರಗುವುದೂ ಉಂಟು. ಆದರೆ ಹಿಂದಿನಿಂದ ನಡೆದುಬಂದ ಕಟ್ಟಳೆಯನ್ನು ಮೀರಲು ಅವರ ತಾಯಿ ಒಪ್ಪುವುದಿಲ್ಲ. ತಾಯಿಯ ಮಾತನ್ನು ಮೀರಲು ಅವರಿಂದಾಗುವುದಿಲ್ಲ. ಒಬ್ಬ ಖಳನು ಕಥೆಯಲ್ಲಿದ್ದಿದ್ದರೆ ಅವನನ್ನು ಶಪಿಸಿ ಪುಸ್ತಕವನ್ನು ಮುಚ್ಚಿಡುವುದು ನಮಗೆ ಸುಲಭವಾಗುತ್ತಿತ್ತು. ಚೋಮನಾದರೂ ಕೇವಲ ಕನಿಕರಕ್ಕೆ ಪಾತ್ರನಾದವನಲ್ಲ. ಅವನು ಕುಡಿಯುತ್ತಾನೆ, ಹಟ ಹಿಡಿಯುತ್ತಾನೆ, ಎತ್ತುಗಳನ್ನು ಮಾರಲೊಪ್ಪುವುದಿಲ್ಲ. ಕಾಫಿ ತೋಟದ ಧಣಿಯಲ್ಲಿ ಮಾಡಿದ ಸಾಲವನ್ನು ತೀರಿಸಲು ಹಿರಿಯ ಮಕ್ಕಳು ಘಟ್ಟ ಹತ್ತುತ್ತಾರೆ. ಚನಿಯ ಕಾಯಿಲೆಗೆ ಬಲಿಯಾಗುತ್ತಾನೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಮೆಚ್ಚಿ ಆ ಮತಕ್ಕೆ ಸೇರುತ್ತಾನೆ. ಆ ಬಳಿಕ ಅದೇ ಸಾಲಕ್ಕಾಗಿ ಹೋಗುವವಳು ಬೆಳ್ಳಿ. ಸಾಲ ತೀರಿತೆಂಬ ಸುದ್ದಿಯೊಡನೆ ಅವಳು ಹಿಂದಿರುಗುತ್ತಾಳೆ. ಅದಕ್ಕೆ ಅವಳು ತೆತ್ತ ಬೆಲೆ ತಂದೆಗೆ ತಿಳಿಯದು. ತೋಟದ ರೈಟರ್ ಮನ್ವೇಲನ ಪಾತ್ರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಕಾರಂತರ ಕಥನದಲ್ಲಿ ಉಪಮೆ ರೂಪಕಗಳನ್ನು ಹುಡುಕಿ ಪಟ್ಟಿ ಮಾಡಲು ಹೊರಟವರಿಗೆ ಹೆಚ್ಚಿನ ಲಾಭವಿಲ್ಲ. ಅವರ ಬಲವಿರುವುದು ಮಿತವಾದ ಮಾತಿನಲ್ಲಿ. ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವ ಸಂದರ್ಭವನ್ನು ನೋಡಿರಿ. ದಡದಲ್ಲಿ ಜನರಿದ್ದಾರೆ, ಈಜು ಬಲ್ಲವರೂ ಇದ್ದಾರೆ. ಮುಟ್ಟಬಾರದ ಮಗುವೆಂಬ ಕಾರಣದಿಂದ ಅವನನ್ನು ಎತ್ತುವವರಿಲ್ಲ. ಇಂಥ ಕಡೆ ಲೇಖಕರು ಕಣ್ಣೀರಿನ ಮಾತನ್ನು ಹೊಸೆಯುತ್ತ ಕೂರುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳಿ ಮುಂದುವರಿಯುತ್ತಾರೆ. ಆ ದೃಶ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಮುಗಿಸಿದಾಗಲೆಲ್ಲ ವ್ಯಾಖ್ಯಾನ ಮಾಡಲು ನನಗೆ ಬಾಯಿ ಬರುತ್ತಿರಲಿಲ್ಲ. ಗಂಟೆ ಹೊಡೆಯುವವರೆಗೆ ಸುಮ್ಮನೆ ನಿಂತಿರುತ್ತಿದ್ದೆ. ಭಾಷೆಯ ಇನ್ನೊಂದು ಕುಶಲತೆಯನ್ನೂ ಗಮನಿಸಬೇಕು. ಈ ಜನರ ಮನೆಮಾತು ತುಳು, ಕಾದಂಬರಿ ಕನ್ನಡದ್ದು. ಆದರೂ ಅವರ ಸಂಭಾಷಣೆ ನಮಗೆ ಎರವಲು ತಂದಂತೆ ತೋರುವುದಿಲ್ಲ.

ದುಡಿಯೂ ಹಾಗೆಯೇ. ಮೊದಮೊದಲು ಅದು ಚೋಮನ ಗುಡಿಸಲಿನ ಒಂದು ಸಾಮಾನು. ಮರುಕಳಿಸುತ್ತ ಮರುಕಳಿಸುತ್ತ ಅದು ಅವನ ಬಾಯಿಯೇ ಆಗಿಬಿಡುತ್ತದೆ. ನೋವನ್ನು ತೋಡಿಕೊಳ್ಳಲು ಅವನಿಗೆ ಮಾತು ಸಾಲದು; ಧಣಿಯ ಮುಂದೆ ಆಡುವಂತೆಯೂ ಇಲ್ಲ. ವಸ್ತುವೊಂದು ಹೀಗೆ ತನ್ನ ಮಿತಿಯನ್ನು ಮೀರಿ ಬೆಳೆಯುವುದನ್ನೇ ಪ್ರತಿಮೆಯೆನ್ನುವುದು. ಬಿ. ವಿ. ಕಾರಂತರು 1975ರಲ್ಲಿ ಈ ಕಥೆಯನ್ನು ಚಲನಚಿತ್ರವಾಗಿಸಿದರು. ಚೋಮನ ಪಾತ್ರಕ್ಕಾಗಿ ಎಂ. ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರದಲ್ಲಿ ದುಡಿಯನ್ನು ಕಿವಿಯಿಂದಲೇ ಕೇಳಬಹುದು. ಪುಸ್ತಕದ ಓದುಗನು ಅದನ್ನು ಮನಸ್ಸಿನೊಳಗೆ ತಾನೇ ನುಡಿಸಿಕೊಳ್ಳಬೇಕು.

ಭೂಮಿ ಸಿಕ್ಕೀತೆಂಬ ಆಸೆಯಿಂದ ಚೋಮ ಮತಾಂತರಕ್ಕೂ ಮನಸ್ಸು ಮಾಡಿ ಹೊರಡುತ್ತಾನೆ. ತಾನು ನಂಬಿದ ಪಂಜುರ್ಲಿ ಭೂತವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಮನೆಗೆ ಬಂದರೆ ಮನ್ವೇಲನೊಡನೆ ಬೆಳ್ಳಿ. ಅವಳನ್ನು ಹೊಡೆದು ಹೊರಗಟ್ಟಿ, ಎತ್ತುಗಳನ್ನು ಕಾಡಿಗೆ ಓಡಿಸಿ, ಬಾಗಿಲಿಕ್ಕಿಕೊಂಡು ದುಡಿ ಬಾರಿಸುತ್ತ ಬಾರಿಸುತ್ತ ಪ್ರಾಣ ಬಿಡುತ್ತಾನೆ. ಅವನು ಹಿಂದಿರುಗಿದ್ದು ಸರಿಯೇ ಎಂದು ನಾನು ತರಗತಿಯಲ್ಲಿ ಕೇಳುತ್ತಿದ್ದೆ. ಹುಡುಗರು ಎರಡು ಪಕ್ಷವಾಗಿ ವಾದಿಸುತ್ತಿದ್ದರು. ಒಂದು ವರ್ಷ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದುನಿಂತು, “ಸಾರ್, ಆಮೇಲೆ ಬೆಳ್ಳಿ ಎಲ್ಲಿಗೆ ಹೋದಳು?” ಎಂದು ಕೇಳಿದಳು. ನಾನು ಪುಸ್ತಕದ ಕೊನೆಯ ಪುಟಗಳನ್ನು ತಿರುವಿಹಾಕಿದೆ. ಅಷ್ಟರವರೆಗೆ ನಾನು ವಿದ್ಯಾರ್ಥಿಗಳಿಗೆ ಬರೆಸಿದ್ದ ಟಿಪ್ಪಣಿಗಳಲ್ಲಿ ಬೆಳ್ಳಿಗೆ ಕೊಟ್ಟ ಜಾಗ ನಾಲ್ಕು ಸಾಲು; ಮರುದಿನದ ಪಾಠವನ್ನು ಅವಳಿಂದಲೇ ಪ್ರಾರಂಭಿಸಿದೆ.