ಡಿಟಾಕ್ಸ್ ವಾರಕ್ಕೆ ಮಿಕ್ಸಿ ಬೇಡ, ಹಲ್ಲು ಸಾಕು

ಮದುವೆ ಸೀಸನ್ ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಮಿಕ್ಸಿ ತಿರುಗತೊಡಗುತ್ತದೆ. ಸೋರೆಕಾಯಿ, ಪಾಲಕ್ ರುಬ್ಬಿ, ಸೋಸಿ, ಚರಟ ಎಸೆದು, ಹಸಿರು ನೀರು ಕುಡಿದು ‘ದೇಹದ ವಿಷವೆಲ್ಲ ಹೋಯ್ತು’ ಅನ್ನುತ್ತಾರೆ. ಆ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡಗಳಿವೆ. ಅವು ನಿಮ್ಮ ಜ್ಯೂಸಿಗೆ ಕಾದು ಕೂತಿಲ್ಲ. ಕರಿದದ್ದು, ಮೈದಾ, ಸಕ್ಕರೆ, ಪ್ಯಾಕೆಟ್ ತಿಂಡಿ ಬಿಟ್ಟು ಒಂದು ವಾರ ಕಾಳು, ಸೊಪ್ಪು, ತರಕಾರಿ, ಹಣ್ಣುಗಳನ್ನು ಇಡಿಯಾಗಿ ತಿಂದರೆ ಮಾತ್ರ ಒಂದಷ್ಟು ಲಾಭವುಂಟು.

ಮೊದಲು ಕಾಫಿ ಇಳಿಸಿ. ವಾರ ಶುರುವಾಗುವ ನಾಲ್ಕು ದಿನ ಮುಂಚಿನಿಂದಲೇ ದಿನಕ್ಕೊಂದು ಲೋಟ ಕಡಿಮೆ ಮಾಡುತ್ತ ಬನ್ನಿ. ಒಮ್ಮೆಲೇ ಬಿಟ್ಟರೆ ತಲೆ ಸಿಡಿಯುತ್ತದೆ. ಅದನ್ನೇ ‘ವಿಷ ಇಳೀತಿದೆ’ ಎಂದು ಸಂಭ್ರಮಿಸಿದವರನ್ನು ನೋಡಿದ್ದೇನೆ. ಅದು ಕೆಫೀನ್ ಸಿಗದ ತಲೆನೋವು, ಅಷ್ಟೇ.

ಬೆಳಿಗ್ಗೆ ಹೆಸರುಕಾಳಿನ ದೋಸೆ ಅಥವಾ ರಾಗಿರೊಟ್ಟಿ, ಜೊತೆಗೆ ಸೀಬೆ ಇಲ್ಲವೇ ಪಪ್ಪಾಯಿ. ಮಧ್ಯಾಹ್ನ ಮುದ್ದೆ, ಬಸ್ಸಾರು, ಪಲ್ಯ, ಮಜ್ಜಿಗೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನೂ ಚೆಲ್ಲದೆ ಸಾರು ಮಾಡುವ ಈ ಅಡುಗೆಯ ಮುಂದೆ, ನಾರನ್ನೆಲ್ಲ ಕಸದಬುಟ್ಟಿಗೆ ಹಾಕುವ ಜ್ಯೂಸ್ ನನಗೆ ದಡ್ಡತನವಾಗಿ ಕಾಣುತ್ತದೆ. ರಾತ್ರಿ ನವಣೆ ಅನ್ನ, ತರಕಾರಿ ಹುಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ ಹಣ್ಣು-ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕು. ಒಮ್ಮೆ ತೂಗಿ ನೋಡಿ, ನಾವು ಬಡಿಸಿಕೊಳ್ಳುವ ಎರಡು ಚಮಚ ಪಲ್ಯ ಎಷ್ಟೆಂದು ಗೊತ್ತಾಗುತ್ತದೆ.

ಇನ್ನು ಸೋರೆಕಾಯಿ. ಅಡುಗೆಗೆ ಹಾಕುವುದಿದ್ದರೂ ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಬೇಯಿಸಿದರೆ ಹೋದೀತು ಎಂದು ನಂಬಬೇಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ಹೊಟ್ಟೆನೋವು, ವಾಂತಿ, ರಕ್ತವಾಂತಿ, ರಕ್ತದೊತ್ತಡ ಕುಸಿತ, ಕೆಲವೊಮ್ಮೆ ಸಾವು. ಇದಕ್ಕೆ ಪ್ರತಿವಿಷವಿಲ್ಲ. 2010ರಲ್ಲಿ ದೆಹಲಿಯಲ್ಲಿ ಇಂಥ ಕಾಯಿಯ ರಸ ಕುಡಿದು ವಿಜ್ಞಾನಿಯೊಬ್ಬರು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿಯನ್ನೇ ನೇಮಿಸಿತು. ಕಹಿ ಸೋರೆಕಾಯಿಯನ್ನು ಬಾಯಿಗಿಟ್ಟ ಕೂಡಲೇ ಉಗುಳುತ್ತೇವೆ. ಜ್ಯೂಸಾದರೆ ನಿಂಬೆಹಣ್ಣು ಹಿಂಡಿ, ಜೇನು ಬೆರೆಸಿ, ಮೂಗು ಮುಚ್ಚಿ, ‘ಕಹಿಯಾದಷ್ಟೂ ಒಳ್ಳೇದು’ ಎಂದು ಇಡೀ ಲೋಟ ಇಳಿಸುತ್ತೇವೆ. ಹಾಗಲಕಾಯಿ ರಸ ಬೆರೆಸಿದರಂತೂ ಯಾವ ಕಹಿ ಯಾವುದರದ್ದೋ! ಕುಡಿದ ಮೇಲೆ ಹೊಟ್ಟೆ ಕಿವುಚಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಈ ವಾರದ ಊಟವನ್ನು ಸರಿಯಾಗಿ ಮಾಡಿದರೆ ಮಲಬದ್ಧತೆ ಸಡಿಲವಾಗುತ್ತದೆ, ಊಟವಾದ ಮೇಲಿನ ಸಕ್ಕರೆ ಏರಿಕೆ ತಗ್ಗುತ್ತದೆ. ಮೊದಲೆರಡು ದಿನ ಹೊಟ್ಟೆಯುಬ್ಬರ ಸಹಜ. ಕಾಳು ನೆನೆಸಿ ಬೇಯಿಸಿ, ನೀರು ಹೆಚ್ಚು ಕುಡಿಯಿರಿ. ವಾರದಲ್ಲಿ ಇಳಿದ ತೂಕದಲ್ಲಿ ಬಹುಪಾಲು ನೀರು, ಮತ್ತೆ ಬರುತ್ತದೆ.

ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ ಈ ಡಿಟಾಕ್ಸ್ ವಾರ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬದಲಿಸಿದರೆ ಸಕ್ಕರೆ ಕುಸಿದೀತು. ಮೂತ್ರಪಿಂಡದ ತೊಂದರೆಯಿರುವವರಿಗೆ ಎಳನೀರು, ಪಾಲಕ್ ರಸ ಅಪಾಯ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು. ಅದರ ವಿಟಮಿನ್ ಕೆ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ.